ನೆತ್ತಿಯ ಮೇಲಿನ ಬಿಳಿಬಟ್ಟೆ



ಪಾಸ್ಖ ಹಬ್ಬದ ನಂತರದ ಭಾನುವಾರವನ್ನು ನಾವೀಗ ದೈವಕರುಣೆಯ ಭಾನುವಾರವೆಂದು ಆಚರಿಸುತ್ತೇವೆ. 2000ನೆಯ ಇಸವಿಯಲ್ಲಿ ಸಂತ ಎರಡನೆಯ ಜಾನ್ ಪೌಲರು ಈ ದಿನಕ್ಕೆ ಆ ಹೆಸರನ್ನು ಕೊಟ್ಟರು. ಅದಕ್ಕೂ ಹಿಂದೆ ಶತಮಾನಗಳ ಕಾಲ ಲತೀನ್ ಪೂಜಾಗ್ರಂಥಗಳಲ್ಲಿ ಇದಕ್ಕಿದ್ದ ಹೆಸರು 'ದೊಮಿನಿಕಾ ಇನ್ ಆಲ್ಬಿಸ್', ಅಂದರೆ ಬಿಳಿವಸ್ತ್ರಗಳ ಭಾನುವಾರ. ಪಾಸ್ಖ ಜಾಗರಣೆಯ ರಾತ್ರಿ ದೀಕ್ಷಾಸ್ನಾನ ಪಡೆದವರು ಬಿಳಿಯ ಬಟ್ಟೆ ತೊಟ್ಟು ವಾರವಿಡೀ ದೇವಾಲಯಕ್ಕೆ ಬರುತ್ತಿದ್ದರು. ವಾರ ಕಳೆದ ಮೇಲೆ ಅದನ್ನು ಕಳಚಿಟ್ಟು ಉಳಿದ ಭಕ್ತರೊಡನೆ ಬೆರೆಯುತ್ತಿದ್ದರು. ಆ ಹೆಸರಿನ ಮೂಲ ಇದು.

ಈ ಬಿಳಿವಸ್ತ್ರದ ಬಗ್ಗೆ ಪ್ರಬೋಧನೆಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಆದರೆ ಅದರ ಜೊತೆಗಿದ್ದ ಒಂದು ಚಿಕ್ಕ ತುಂಡಿನ ಬಗ್ಗೆ ಕೇಳಿರುವುದು ಕಡಿಮೆ. ಅದು ತಲೆಗೆ ಕಟ್ಟುತ್ತಿದ್ದ ಬಟ್ಟೆ. ಇಂದು ನಮ್ಮ ಮನೆಗಳಲ್ಲಿ ಕೂಸಿನ ದೀಕ್ಷಾಸ್ನಾನಕ್ಕೆಂದು ಅಂಗಡಿಯಿಂದ ಬಿಳಿ ಫ್ರಾಕು ತಂದರೆ ಜೊತೆಗೆ ಒಂದು ಟೋಪಿಯೂ ಬರುತ್ತದೆ. ಈ ಟೋಪಿ ಏಕೆ ಎಂದು ಕೇಳಿದರೆ ಚಂದಕ್ಕೆ ಎನ್ನುತ್ತಾರೆ, ಅಥವಾ ಮಗುವಿಗೆ ಥಂಡಿ ತಗುಲಬಾರದೆಂದು ಎನ್ನುತ್ತಾರೆ. ಎರಡೂ ತಪ್ಪಲ್ಲ. ಆದರೆ ಚರಿತ್ರೆ ಬೇರೆಯೇ ಉತ್ತರ ಕೊಡುತ್ತದೆ. ಆ ಬಟ್ಟೆ ಅಲ್ಲಿಗೆ ಬಂದದ್ದು ನೆತ್ತಿಯ ಮೇಲಿನ ತೈಲಕ್ಕಾಗಿ.

ಮೊದಲು ಹಳೆಯ ಕಾಲದ ಮಾತು. ಈಗಿನ ತುರ್ಕಿಯಲ್ಲಿರುವ ಮೊಪ್ಸುವೆಸ್ತಿಯ ಎಂಬ ಊರಿನಲ್ಲಿ 392ರಿಂದ 428ರವರೆಗೆ ಧರ್ಮಾಧ್ಯಕ್ಷರಾಗಿದ್ದ ಥಿಯೊಡೋರ್ ಎಂಬುವರು ದೀಕ್ಷಾರ್ಥಿಗಳಿಗೆ ನೀಡಿದ ಪ್ರಬೋಧನೆಗಳು ಉಳಿದು ಬಂದಿವೆ. ಹಣೆಗೆ ತೈಲ ಹಚ್ಚಿದ ಮೇಲೆ ಹಿಂದೆ ನಿಂತ ಜ್ಞಾನತಂದೆಯು ದೀಕ್ಷಾರ್ಥಿಯ ತಲೆಯ ಮೇಲೆ ನಾರುಬಟ್ಟೆಯೊಂದನ್ನು ಹರಡಿ ಅವನನ್ನು ಮೇಲೆತ್ತಿ ನಿಲ್ಲಿಸುತ್ತಾನೆ ಎಂದು ಅವರು ವಿವರಿಸುತ್ತಾರೆ. ಅದರ ಅರ್ಥವೇನು? ಸ್ವತಂತ್ರರಾದ ಜನರು ತಲೆಗೆ ಹಾಗೆ ಬಟ್ಟೆ ಹಾಕುತ್ತಿದ್ದರು. ಇನ್ನು ಇವನು ಗುಲಾಮನಲ್ಲ ಎಂಬುದಕ್ಕೆ ಅದು ಗುರುತು. ಅದೇ ಕಾಲದಲ್ಲಿ ಸಮುದ್ರದ ಆಚೆ, ಆಫ್ರಿಕದ ಹಿಪ್ಪೊ ನಗರದಲ್ಲಿ, ಸಂತ ಅಗುಸ್ತೀನರ ಹೆಸರಿನಲ್ಲಿ ಬಂದಿರುವ ಎಂಟನೆಯ ದಿನದ ಪ್ರಬೋಧನೆಯೊಂದು ಇದಕ್ಕೆ ತದ್ವಿರುದ್ಧವಾದ ಮಾತು ಹೇಳುತ್ತದೆ. ಅಲ್ಲಿ ಎಂಟನೆಯ ದಿನ ತಲೆಯ ಬಟ್ಟೆ ತೆಗೆಯುವುದೇ ಸ್ವಾತಂತ್ರ್ಯದ ಗುರುತು. ಒಂದೂರಿನಲ್ಲಿ ಹೊದಿಸುವುದು, ಇನ್ನೊಂದೂರಿನಲ್ಲಿ ತೆಗೆಯುವುದು, ಅರ್ಥ ಮಾತ್ರ ಒಂದೇ. ಧರ್ಮಸಭೆಯ ಪಿತೃಗಳು ಆಯಾ ಊರಿನ ಜನರ ಉಡುಗೆ ತೊಡುಗೆಯಿಂದಲೇ ಪಾಠ ಹೇಳುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಂಡಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಆಗ ದೀಕ್ಷಾಸ್ನಾನ ಪಡೆದವರಲ್ಲಿ ಗಡ್ಡ ಬಂದ ಗಂಡಸರೂ ಮುದುಕಿಯರೂ ಇದ್ದರು. ಆದರೂ ಅವರನ್ನೆಲ್ಲ 'ಶಿಶುಗಳು' ಎಂದೇ ಕರೆಯುತ್ತಿದ್ದರು. ಹೊಸದಾಗಿ ಹುಟ್ಟಿದವರಿಗೆ ವಯಸ್ಸಿನ ಲೆಕ್ಕವಿಲ್ಲ. ಸುಮಾರು ಅದೇ ಕಾಲದಲ್ಲಿ ಈಜಿಪ್ತಿನ ಮರುಭೂಮಿಯ ಸನ್ಯಾಸಿಗಳು ಹಗಲೂ ರಾತ್ರಿಯೂ ಚಿಕ್ಕ ಕುಲಾವಿಯಂಥ ಟೋಪಿ ಹಾಕುತ್ತಿದ್ದರೆಂದು ಕಾಸಿಯನ್ ಎಂಬ ಗ್ರಂಥಕರ್ತರು ಬರೆದಿದ್ದಾರೆ. ಕೂಸುಗಳ ಮುಗ್ಧತೆಯನ್ನು ಮರೆಯದಿರಲು ಅವರು ಕೂಸುಗಳ ಟೋಪಿಯನ್ನೇ ಅನುಕರಿಸಿದರಂತೆ.

ಸುಮಾರು 500ನೆಯ ಇಸವಿಯ ಹೊತ್ತಿಗೆ ರೋಮಿನ ಡೀಕನ್ ಯೊವಾನ್ನ ಎಂಬುವರಿಗೆ ಸೆನಾರಿಯುಸ್ ಎಂಬ ಗಣ್ಯರು ದೀಕ್ಷಾಸ್ನಾನದ ವಿಧಿಗಳ ಅರ್ಥ ಕೇಳಿ ಪತ್ರ ಬರೆದರು. ಅದಕ್ಕೆ ಬಂದ ಉತ್ತರ ಇಂದಿಗೂ ಲಭ್ಯವಿದೆ. ಹೊಸದಾಗಿ ಹುಟ್ಟಿದವರ ತಲೆಗೆ ಕ್ರಿಸ್ಮ ತೈಲ ಹಚ್ಚಿ ನಾರುಬಟ್ಟೆಯಿಂದ ಅಲಂಕರಿಸುತ್ತೇವೆ, ಏಕೆಂದರೆ ಹಳೆಯ ಒಡಂಬಡಿಕೆಯ ಯಾಜಕರು ತಲೆಗೆ ಬಟ್ಟೆ ಧರಿಸುತ್ತಿದ್ದರು ಎಂಬುದು ಅದರ ಸಾರಾಂಶ. ವಿಮೋಚನಾಕಾಂಡದ 29ನೆಯ ಅಧ್ಯಾಯವನ್ನು ತೆರೆದು ನೋಡಿದರೆ ಆರೋನನಿಗೆ ಪೇಟ ಕಟ್ಟಿ ಆಮೇಲೆ ತೈಲ ಸುರಿಯುವ ವಿಧಿ ಸಿಗುತ್ತದೆ. ಆರೋನನಿಗೆ ಮೊದಲು ಪೇಟ, ಆಮೇಲೆ ತೈಲ. ಕ್ರೈಸ್ತರ ಕೂಸುಗಳಿಗೆ ಮೊದಲು ತೈಲ, ಆಮೇಲೆ ಬಟ್ಟೆ. ಮುನ್ನೂರು ವರ್ಷಗಳ ನಂತರ ಚಕ್ರವರ್ತಿ ಚಾರ್ಲ್‌ಮೇನನ ಆಸ್ಥಾನದ ವಿದ್ವಾಂಸ ಅಲ್ಕುಯಿನರು ಇದಕ್ಕೆ ಇನ್ನೊಂದು ಅರ್ಥ ಸೇರಿಸಿದರು. ತಲೆಯ ಮೇಲಿನ ಈ ಬಟ್ಟೆ ಯಾಜಕನ ಘನತೆ ಮಾತ್ರವಲ್ಲ, ರಾಜನ ಕಿರೀಟವೂ ಹೌದು. ಪೇತ್ರನ ಮೊದಲನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ರಾಜವಂಶದ ಯಾಜಕತ್ವವನ್ನು ಒಂದು ಗೇಣು ಬಟ್ಟೆಯಲ್ಲಿ ತೋರಿಸಿದ ರೀತಿ ಇದು. ಕೂಲಿಯವನ ಮಗುವಿಗೂ ಅದೇ ಬಟ್ಟೆ, ಸಾಮಂತನ ಮಗುವಿಗೂ ಅದೇ ಬಟ್ಟೆ.

ಈ ಬಟ್ಟೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಘಟನೆ ಕೂಸಿಗೆ ಸಂಬಂಧಿಸಿದ್ದಲ್ಲ, ಒಬ್ಬ ಯುದ್ಧನಾಯಕನಿಗೆ ಸಂಬಂಧಿಸಿದ್ದು. 878ರಲ್ಲಿ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯವನ್ನು ಡೇನರ ಸೇನೆ ಬಹುಮಟ್ಟಿಗೆ ನುಂಗಿಬಿಟ್ಟಿತ್ತು. ರಾಜ ಆಲ್ಫ್ರೆಡ್ ಜೌಗು ಪ್ರದೇಶದಲ್ಲಿ ತಲೆಮರೆಸಿಕೊಂಡಿದ್ದನು. ಆ ವರ್ಷದ ಬೇಸಿಗೆಯಲ್ಲಿ ಎಡಿಂಗ್‌ಟನ್ ಎಂಬಲ್ಲಿ ಅವನು ಡೇನರನ್ನು ಸೋಲಿಸಿದನು. ಮೂರು ವಾರಗಳಾದ ಮೇಲೆ ಡೇನರ ದೊರೆ ಗುತ್ರುಮ್ ತನ್ನ ಪ್ರಮುಖರಲ್ಲಿ ಸುಮಾರು ಮೂವತ್ತು ಮಂದಿಯೊಂದಿಗೆ ಆಲ್ಲರ್ ಎಂಬ ಹಳ್ಳಿಗೆ ಬಂದು ದೀಕ್ಷಾಸ್ನಾನ ಪಡೆದನು. ಅವನಿಗೆ ಜ್ಞಾನತಂದೆಯಾಗಿ ನಿಂತವನು ಸ್ವತಃ ಆಲ್ಫ್ರೆಡ್. ನಿನ್ನೆಯ ಶತ್ರು ಇಂದು ಜ್ಞಾನಪುತ್ರನಾದ. ಅವನಿಗೆ ಅಥೆಲ್‌ಸ್ಟನ್ ಎಂಬ ಹೊಸ ಹೆಸರನ್ನೂ ಇಟ್ಟರು. ಎಲ್ಲರಿಗೂ ಕಟ್ಟುವಂತೆ ಅವನ ತಲೆಗೂ ಬಿಳಿಯ ಬಟ್ಟೆ ಕಟ್ಟಿದರು. ಎಂಟನೆಯ ದಿನ ವೆಡ್‌ಮೋರ್ ಎಂಬ ರಾಜನಿವಾಸದಲ್ಲಿ ಅದನ್ನು ಬಿಚ್ಚಿದರು. ಸಾಕ್ಸನರ ಭಾಷೆಯಲ್ಲಿ ಈ ಬಿಚ್ಚುವ ವಿಧಿಗೆ 'ಕ್ರಿಸ್ಮ್‌ಲೀಸಿಂಗ್' ಎಂಬ ಪ್ರತ್ಯೇಕ ಹೆಸರೇ ಇತ್ತು. ಅವರ ವಾರ್ಷಿಕ ವೃತ್ತಾಂತದಲ್ಲಿ ಆ ಪದ ಬರೆದಿಡಲಾಗಿದೆ. ಗುತ್ರುಮ್ ಹನ್ನೆರಡು ದಿನ ಆಲ್ಫ್ರೆಡನ ಜೊತೆಗಿದ್ದನು. ಊರು ಸುಟ್ಟು ಮಠಗಳನ್ನು ದೋಚುತ್ತಿದ್ದ ಸೇನೆಯ ಮುಖಂಡನೊಬ್ಬ ತಲೆಗೆ ಬಿಳಿಬಟ್ಟೆ ಕಟ್ಟಿಕೊಂಡು ಒಂದು ವಾರ ಕೂತಿರುವುದನ್ನು ನಾವು ಕಣ್ಣಮುಂದೆ ತಂದುಕೊಳ್ಳಬಹುದು. ಆ ಒಪ್ಪಂದದಲ್ಲಿ ರಾಜಕೀಯ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಬೇಕಾದಷ್ಟು ಇತ್ತು. ಆದರೂ ಯುದ್ಧ ಮುಗಿಸಿದ ರೀತಿಗಳಲ್ಲಿ ಇದು ಒಳ್ಳೆಯದೇ.

ಈಗ ಕೂಸುಗಳ ವಿಷಯಕ್ಕೆ ಬರೋಣ. ಎಂಟು ದಿನ ಬಟ್ಟೆ ಕಟ್ಟಿಡುವುದರ ಕಾರಣ ಸರಳ. ಧರ್ಮಾಧ್ಯಕ್ಷರು ಆಶೀರ್ವದಿಸಿದ ಕ್ರಿಸ್ಮ ತೈಲವನ್ನು ನೆತ್ತಿಗೆ ಹಚ್ಚಿದ ಮೇಲೆ ಅದು ಹಾಸಿಗೆಗೆ, ತೊಟ್ಟಿಲಿಗೆ, ಕಂಡವರ ಕೈಗೆ ಅಂಟಬಾರದು. ಹೀಗಾಗಿ ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ಇಂಗ್ಲಿಷರು ಇದನ್ನು 'ಕ್ರಿಸಮ್' ಎಂದರು, ಫ್ರೆಂಚರು 'ಕ್ರೆಮೊ' ಎಂದರು. ತೈಲದ ಹೆಸರೇ ಬಟ್ಟೆಗೂ ಬಂತು. ದೃಢೀಕರಣ ಸಂಸ್ಕಾರದಲ್ಲಿಯೂ ಹಣೆಗೆ ಹಚ್ಚಿದ ತೈಲದ ಮೇಲೆ ಹೀಗೆಯೇ ಪಟ್ಟಿ ಕಟ್ಟಿಕೊಂಡು ಕೆಲವು ದಿನ ಓಡಾಡುವ ರೂಢಿ ಮಧ್ಯಯುಗದಲ್ಲಿ ಇತ್ತು. ತೈಲ ಹೀರಿಕೊಂಡ ಬಟ್ಟೆ ಮನೆಯದಲ್ಲ, ದೇವಾಲಯದ್ದು. ಹೆರಿಗೆಯಾದ ಸುಮಾರು ನಲವತ್ತು ದಿನಗಳಿಗೆ ಬಾಣಂತಿ ಮೊದಲ ಸಲ ದೇವಾಲಯಕ್ಕೆ ಬಂದು ದೇವರಿಗೆ ಸ್ತೋತ್ರ ಸಲ್ಲಿಸುವಾಗ ಮಗುವಿನ ಆ ಬಟ್ಟೆಯನ್ನು ಗುರುಗಳ ಕೈಗೆ ಒಪ್ಪಿಸಬೇಕಾಗಿತ್ತು. ಅದನ್ನು ಮನೆಬಳಕೆಗೆ ಉಪಯೋಗಿಸಕೂಡದು, ದೇವಾಲಯದ ಕೆಲಸಕ್ಕೆ ಮಾತ್ರ ಉಪಯೋಗಿಸಬೇಕು ಎಂದು 13ನೆಯ ಶತಮಾನದ ಇಂಗ್ಲೆಂಡಿನ ಧರ್ಮಾಧ್ಯಕ್ಷರು ಕಟ್ಟಪ್ಪಣೆ ಮಾಡಿದ್ದರು. ಅಪ್ಪಣೆ ಮಾಡಬೇಕಾಗಿ ಬಂತೆಂದರೆ ಜನ ಮನೆಯಲ್ಲಿಟ್ಟುಕೊಳ್ಳುತ್ತಿದ್ದರೆಂದೇ ಅರ್ಥ. ಒಳ್ಳೆಯ ನಾರುಬಟ್ಟೆ ಬಡವರ ಮನೆಯಲ್ಲಿ ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ.

ಆದರೆ ಎಲ್ಲ ತಾಯಂದಿರೂ ಆ ಬಟ್ಟೆಯನ್ನು ಹಿಂದಿರುಗಿಸುವ ಭಾಗ್ಯ ಪಡೆಯಲಿಲ್ಲ. ಅದಕ್ಕೂ ಮೊದಲೇ, ಹುಟ್ಟಿದ ತಿಂಗಳೊಳಗೆ, ಮಗು ತೀರಿಕೊಂಡರೆ ಅದೇ ಬಟ್ಟೆಯನ್ನು ಸುತ್ತಿ ಮಣ್ಣು ಮಾಡುತ್ತಿದ್ದರು. ಅಂಥ ಮಗುವಿಗೆ 'ಕ್ರಿಸಮ್ ಕೂಸು' ಎಂಬ ಹೆಸರಿತ್ತು. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನ ಚೆಶಮ್ ಬಾಯ್ಸ್ ಎಂಬ ಹಳ್ಳಿಯ ದೇವಾಲಯದಲ್ಲಿ ಸುಮಾರು 1520ರ ಒಂದು ಚಿಕ್ಕ ಹಿತ್ತಾಳೆ ಫಲಕವಿದೆ. ಬಟ್ಟೆಯಲ್ಲಿ ಸುತ್ತಿದ ಒಂದು ಕೂಸಿನ ಚಿತ್ರ. ರೋಜರ್ ಲೀ ಎಂಬ ಗಣ್ಯರ ಮಗ ಬೆನೆಡಿಕ್ಟ್, ಕ್ರಿಸಮ್ ಕೂಸು ಎಂದು ಅದರ ಮೇಲೆ ಕೊರೆಸಿದ್ದಾರೆ. ಕೆಲವೇ ದಿನ ಬದುಕಿದ ಮಗುವಿಗೆ ತಂದೆ ಸಾಧನೆಯನ್ನೂ ವಂಶಾವಳಿಯನ್ನೂ ಬರೆಸಲು ಸಾಧ್ಯವಿರಲಿಲ್ಲ. ಹೇಳಬಹುದಾಗಿದ್ದ ಒಂದೇ ಸಂಗತಿ, ಇವನಿಗೆ ದೀಕ್ಷಾಸ್ನಾನವಾಗಿತ್ತು, ತೈಲದ ಬಟ್ಟೆ ಇವನ ಮೈಮೇಲಿತ್ತು ಎಂಬುದು. ಆ ತಂದೆತಾಯಿಗೆ ಅದು ಎಷ್ಟು ದೊಡ್ಡ ಸಮಾಧಾನವಾಗಿತ್ತೆಂದು ಕೂಸನ್ನು ಕಳೆದುಕೊಂಡ ಮನೆಯವರಿಗೆ ನಾವು ವಿವರಿಸಬೇಕಾಗಿಲ್ಲ.

ಇಂಥ ಕೂಸುಗಳ ಸಂಖ್ಯೆ ಎಷ್ಟಿತ್ತು? ಲಂಡನ್ ನಗರದಲ್ಲಿ ಸತ್ತವರ ಪಟ್ಟಿಯನ್ನು ಪ್ರಕಟಿಸುತ್ತಿದ್ದರು. 1632ರಲ್ಲಿ ಅಲ್ಲಿ ಮಣ್ಣಾದವರು ಒಟ್ಟು 9,535. ಅವರಲ್ಲಿ 'ಕ್ರಿಸಮ್‌ಗಳು ಮತ್ತು ಶಿಶುಗಳು' ಎಂಬ ಶೀರ್ಷಿಕೆಯಡಿ ಬಂದವರು 2,268. ಸರಿಸುಮಾರು ನಾಲ್ವರಲ್ಲಿ ಒಬ್ಬರು. ಈ ಪಟ್ಟಿಗಳನ್ನು ಕೂಡಿಸಿ ಲೆಕ್ಕಹಾಕಿ 1662ರಲ್ಲಿ ಪುಸ್ತಕ ಪ್ರಕಟಿಸಿದವರು ಜಾನ್ ಗ್ರಾಂಟ್. ಅವರು ಪ್ರಾಧ್ಯಾಪಕರಲ್ಲ, ದಾರ, ಗುಂಡಿ, ಬಟ್ಟೆಬರೆಯ ವ್ಯಾಪಾರಿ. ಜನಸಂಖ್ಯಾಶಾಸ್ತ್ರಕ್ಕೆ ಅಡಿಗಲ್ಲು ಹಾಕಿದವರೆಂದು ಇಂದು ಅವರನ್ನು ನೆನೆಯುತ್ತಾರೆ. ಮುಂದೆ ಅವರು ಕಥೋಲಿಕರಾದರು ಎಂಬುದನ್ನೂ ಇಲ್ಲಿ ಹೇಳಿಬಿಡಬಹುದು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1632ರ ಹೊತ್ತಿಗೆ ಇಂಗ್ಲೆಂಡಿನ ಸರ್ಕಾರಿ ಧರ್ಮಸಭೆಯಲ್ಲಿ ಕ್ರಿಸಮ್ ಬಟ್ಟೆಯ ವಿಧಿಯೇ ಇರಲಿಲ್ಲ. 1549ರ ಪ್ರಾರ್ಥನಾಗ್ರಂಥ ಅದನ್ನು ಉಳಿಸಿಕೊಂಡಿತ್ತು, ತಾಯಿ ಅದನ್ನು ಹಿಂದಿರುಗಿಸಬೇಕೆಂದೂ ಹೇಳಿತ್ತು. ಮೂರೇ ವರ್ಷಗಳಲ್ಲಿ, 1552ರ ಗ್ರಂಥದಿಂದ, ಅದನ್ನು ತೆಗೆದುಹಾಕಿದರು. ತೈಲ ಹೋಯಿತು, ಬಟ್ಟೆ ಹೋಯಿತು. ಆದರೆ ಸತ್ತ ಕೂಸಿಗೆ ಜನರು ಕೊಡುತ್ತಿದ್ದ ಹೆಸರು ಇನ್ನೂ ನೂರು ವರ್ಷ ಉಳಿಯಿತು.

ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಆದದ್ದೇನು? ಇಲ್ಲಿ ವಿಧಿ ಉಳಿಯಿತು, ಬಟ್ಟೆ ಕುಗ್ಗಿತು. ಜಗದ್ಗುರು ಐದನೆಯ ಪೌಲರ ಕಾಲದಲ್ಲಿ 1614ರಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥದ ಪ್ರಕಾರ, ಗುರುಗಳು ತೈಲ ಹಚ್ಚಿದ ಮೇಲೆ ಬಿಳಿಯ ಉಡುಪಿಗೆ ಬದಲಾಗಿ ಬಿಳಿಯ ಚಿಕ್ಕ ನಾರುಬಟ್ಟೆಯೊಂದನ್ನು ಮಗುವಿನ ತಲೆಯ ಮೇಲೆ ಇಡಬೇಕು. ಬಾಯಲ್ಲಿ ಹೇಳುವ ಮಾತು ಬಿಳಿವಸ್ತ್ರವನ್ನು ಸ್ವೀಕರಿಸು ಎಂದು, ಕೈಯಲ್ಲಿರುವುದು ಕರವಸ್ತ್ರದಷ್ಟು ಬಟ್ಟೆ. ಲತೀನ್ ಪದ್ಧತಿ ಹೋದ ಕಡೆಗೆಲ್ಲ ಈ ವಿಧಿಯೂ ಹೋಯಿತು, ನಮ್ಮ ನಾಡಿಗೂ ಬಂತು. ನಮ್ಮ ಅಜ್ಜಅಜ್ಜಿಯರ ಜ್ಞಾನಸ್ನಾನ ನಡೆದದ್ದು ಆ ವಿಧಿಯ ಪ್ರಕಾರವೇ. ಸ್ಪೇನ್ ದೇಶದಲ್ಲಿ ಈ ತುಂಡುಬಟ್ಟೆ 'ಕಪಿಯ್ಯೊ' ಎಂಬ ಬಿಳಿ ಟೋಪಿಯ ರೂಪ ತಾಳಿತ್ತು. ಮನೆಯಿಂದ ತರದವರು ದೇವಾಲಯದ ಟೋಪಿಯನ್ನೇ ಬಳಸಿ ಅದಕ್ಕೊಂದು ಕಾಣಿಕೆ ಕೊಡುವ ರೂಢಿಯಿತ್ತು. ಆ ಕಾಣಿಕೆಗೂ ಅದೇ ಹೆಸರು.

ಅದೇ 1614ರ ಗ್ರಂಥದಲ್ಲಿ ಶಿಶುಗಳ ಅಂತ್ಯಸಂಸ್ಕಾರದ ವಿಧಿಯೂ ಇದೆ. ದೀಕ್ಷಾಸ್ನಾನ ಪಡೆದ ಕೂಸು ತೀರಿಕೊಂಡರೆ ಗುರುಗಳು ಕಪ್ಪು ಧರಿಸಬಾರದು, ಬಿಳಿ ಧರಿಸಬೇಕು. ಮಗುವಿನ ತಲೆಗೆ ಹೂವಿನ ಅಥವಾ ಸುವಾಸನೆಯ ಎಲೆಗಳ ಕಿರೀಟ ಇಡಬೇಕು. ದೀಕ್ಷಾಸ್ನಾನದ ದಿನ ನಾರುಬಟ್ಟೆ ಇಟ್ಟ ಅದೇ ನೆತ್ತಿಯ ಮೇಲೆ ಹೂವು. ಹಾಗಾದರೆ ದೀಕ್ಷಾಸ್ನಾನಕ್ಕೆ ಮುನ್ನವೇ ಹೋದ ಕೂಸುಗಳ ಗತಿಯೇನು ಎಂದು ಕೇಳುವ ತಾಯಂದಿರು ಅಂದೂ ಇದ್ದರು, ಇಂದೂ ಇದ್ದಾರೆ. ಬಹುಕಾಲ ಅವರಿಗೆ ಸಿಕ್ಕ ಉತ್ತರ ಕಠಿಣವಾಗಿತ್ತು. ಅಂಥ ಶಿಶುಗಳ ರಕ್ಷಣೆಯ ಬಗ್ಗೆ ಭರವಸೆ ಇಡಲು ನಮಗೆ ಬಲವಾದ ಆಧಾರಗಳಿವೆ ಎಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಹೇಳಿತು. ಮಕ್ಕಳನ್ನು ತನ್ನ ಬಳಿಗೆ ಬರಗೊಡಿಸಿದ ಪ್ರಭುವಿನ ಕರುಣೆಗೇ ಧರ್ಮಸಭೆ ಅವರನ್ನು ಒಪ್ಪಿಸುತ್ತದೆ. ಮನೆಯಲ್ಲಿ ಇಂಥ ನೋವುಂಡವರು ಇದನ್ನು ತಿಳಿದಿರಲಿ ಎಂದೇ ಈ ಮಾತನ್ನು ಬರೆದಿದ್ದೇವೆ.

ತೈಲದ ನಂಟು ಕಡಿದುಹೋದ ಕಡೆ ಟೋಪಿ ತನ್ನದೇ ದಾರಿ ಹಿಡಿಯಿತು. 17 ಮತ್ತು 18ನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಹಸುಗೂಸುಗಳ ಟೋಪಿಯ ನೆತ್ತಿಯಲ್ಲಿ 'ಹಾಲಿ ಪಾಯಿಂಟ್' ಎಂಬ ಸೂಜಿಕಸೂತಿಯ ದುಂಡನೆಯ ತುಂಡನ್ನು ಕೂರಿಸುತ್ತಿದ್ದರು. ಗಂಟು ಹಾಕುತ್ತ ಹೋಗಿ ಅಲ್ಲಲ್ಲಿ ಸೂಜಿಮೊನೆಯಷ್ಟು ಖಾಲಿ ಬಿಟ್ಟರೆ ಆ ತೂತುಗಳೇ ಪಾರಿವಾಳವಾಗಿ, ಹೂಕುಂಡವಾಗಿ, ಕೆಲವೊಮ್ಮೆ ಹೆಸರಿನ ಅಕ್ಷರ ಮತ್ತು ಇಸವಿಯಾಗಿ ಕಾಣುತ್ತವೆ. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂಥವನ್ನು ಕಾಪಾಡಿದ್ದಾರೆ. ನೆತ್ತಿಯ ಮೇಲೆ ತೈಲ ಹಚ್ಚುವುದನ್ನು ನಿಲ್ಲಿಸಿದ ನಾಡಿನಲ್ಲಿ ಅದೇ ಜಾಗಕ್ಕೆ ಪವಿತ್ರಾತ್ಮರ ಪಾರಿವಾಳವನ್ನು ಹೆಂಗಸರು ಹೆಣೆದಿಟ್ಟರು. ಇದು ಕಾಕತಾಳೀಯವೋ ಹಳೆಯ ನೆನಪೋ, ನಮಗಂತೂ ನೋಡಲು ಸಂತೋಷ.

ಆಮೇಲಿನದು ವ್ಯಾಪಾರದ ಕಥೆ. 1814ರಲ್ಲಿ ಸ್ಕಾಟ್ಲೆಂಡಿನ ಏರ್ ಪಟ್ಟಣದ ಜೇಮಿಸನ್ ಎಂಬ ಮಹಿಳೆ ಗಣ್ಯ ಕುಟುಂಬವೊಂದರಿಂದ ಎರವಲು ಪಡೆದ ಫ್ರೆಂಚ್ ಶಿಶು ಉಡುಪಿನ ಕಸೂತಿಯನ್ನು ನೋಡಿ ಕಲಿತು, ಊರ ಹೆಂಗಸರಿಗೂ ಕಲಿಸಿದರು. ತೆಳು ಹತ್ತಿಬಟ್ಟೆಯ ಮೇಲೆ ಬಿಳಿದಾರದ ಈ ಕೆಲಸದಿಂದ ದೀಕ್ಷಾಸ್ನಾನದ ನಿಲುವಂಗಿಗಳೂ ಟೋಪಿಗಳೂ ರಾಶಿರಾಶಿಯಾಗಿ ತಯಾರಾಗಿ ದೇಶವಿದೇಶಕ್ಕೆ ಹೋದವು. ಗುಡಿಸಲಿನಲ್ಲಿ ಕೂತು ಕಣ್ಣು ನೋಯಿಸಿಕೊಂಡು ಹೊಲಿದವರ ಮಕ್ಕಳಿಗೆ ಅಂಥ ಟೋಪಿ ಸಿಕ್ಕಿತೇ ಎಂಬ ಪ್ರಶ್ನೆ ಮನಸ್ಸಿಗೆ ಬಾರದಿರದು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು, ಯಂತ್ರದ ಕಸೂತಿಯೂ ಬಂದು, ಆ ಕಸುಬು ಕುಸಿಯಿತು. ಆದರೆ ಉದ್ದನೆಯ ಬಿಳಿ ಅಂಗಿ, ಲೇಸಿನ ಟೋಪಿ ಎಂಬ ಕಲ್ಪನೆ ಮಾತ್ರ ಭದ್ರವಾಗಿ ಕೂತುಬಿಟ್ಟಿತು. ಇಂದು ನಮ್ಮ ಅಂಗಡಿಗಳಲ್ಲಿ ಸಾಟಿನ್ ಫ್ರಾಕು, ಟೋಪಿ, ಬೂಟು ಎಲ್ಲ ಸೇರಿಸಿ ಪೆಟ್ಟಿಗೆಯಲ್ಲಿ ಮಾರುವ 'ಸೆಟ್' ಆ ಕಲ್ಪನೆಯ ದೂರದ ಮೊಮ್ಮಗು.

ಸೆಟ್ಟಿನ ಬೆಲೆ ಕೇಳಿ, ಊಟದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ದೀಕ್ಷಾಸ್ನಾನವನ್ನೇ ತಿಂಗಳುಗಟ್ಟಲೆ ಮುಂದೂಡುವ ಕುಟುಂಬಗಳನ್ನು ನಾವು ಬಲ್ಲೆವು. ಹುಟ್ಟಿದ ಮೊದಲ ವಾರಗಳಲ್ಲೇ ಮಗುವಿಗೆ ದೀಕ್ಷಾಸ್ನಾನ ಕೊಡಿಸಬೇಕೆಂದು ಧರ್ಮಸಭೆಯ ಕಾನೂನು ತಂದೆತಾಯಿಗೆ ಹೇಳುತ್ತದೆ. ಎಂಥ ಬಟ್ಟೆ, ಎಷ್ಟು ಬೆಲೆಯದು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಇನ್ನೊಂದು ತೊಂದರೆ ಗುರುಗಳಿಗೆ ಚೆನ್ನಾಗಿ ಗೊತ್ತು. ಮನೆಯಲ್ಲೇ ಟೋಪಿ ಹಾಕಿ, ಗದ್ದದ ಕೆಳಗೆ ರಿಬ್ಬನ್ ಬಿಗಿದು, ಪಿನ್ನೂ ಚುಚ್ಚಿ ತಂದಿರುತ್ತಾರೆ. ನೀರು ಸುರಿಯುವ ಹೊತ್ತಿಗೆ ಗಂಟು ಬಿಚ್ಚುವುದಿಲ್ಲ, ಮಗು ಅಳುತ್ತದೆ, ಜ್ಞಾನತಾಯಿ ಗಾಬರಿಯಾಗುತ್ತಾಳೆ, ಫೋಟೊದವರು ಅವಸರಪಡಿಸುತ್ತಾರೆ. ತೈಲದ ಮೇಲೆ ಬರಬೇಕಾದ ಬಟ್ಟೆ ತೈಲಕ್ಕೇ ಅಡ್ಡಿಯಾಗಿ ನಿಂತಿರುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಬಂದ ಶಿಶು ದೀಕ್ಷಾಸ್ನಾನದ ವಿಧಿಯು ತಲೆಯ ತುಂಡುಬಟ್ಟೆಯ ಬದಲು ಬಿಳಿಯ ಉಡುಪನ್ನು ಮತ್ತೆ ತಂದಿತು. ಈಗಿನ ಕ್ರಮ ಹೀಗಿದೆ: ನೀರು, ಆಮೇಲೆ ನೆತ್ತಿಗೆ ಕ್ರಿಸ್ಮ ತೈಲ, ಆಮೇಲೆ ಬಿಳಿವಸ್ತ್ರ, ಕೊನೆಗೆ ಪಾಸ್ಖ ದೀಪದಿಂದ ಹೊತ್ತಿಸಿದ ಮೇಣದಬತ್ತಿ. ಗಲಾತ್ಯರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಸಂತ ಪೌಲರು ಕ್ರಿಸ್ತರನ್ನೇ ಧರಿಸಿಕೊಳ್ಳುವುದರ ಬಗ್ಗೆ ಹೇಳಿದ್ದು ಆ ಹೊತ್ತಿಗೆ ಕಣ್ಣಿಗೆ ಕಾಣುವಂತಾಗುತ್ತದೆ. ಬಟ್ಟೆಯನ್ನು ಮನೆಯವರೇ ಒದಗಿಸುವುದು ಒಳ್ಳೆಯದೆಂದು ವಿಧಿಗ್ರಂಥ ಸೂಚಿಸುತ್ತದೆ. ಅಳತೆ, ನಮೂನೆ, ಲೇಸು ಯಾವುದನ್ನೂ ಕೇಳುವುದಿಲ್ಲ.

ನಮ್ಮ ನಾಡಿನ ಅಜ್ಜಿಯರಿಗೆ ಕೂಸಿನ ತಲೆಗೆ ಹೊಲಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಕುಲಾವಿ, ಬೆನ್ನಿನವರೆಗೆ ಇಳಿಬಿಡುವ ಕುಂಚಿಗೆ, ಎರಡೂ ನಮ್ಮವೇ. ತೊಳೆದು ಮೆತ್ತಗಾದ ಬಿಳಿಯ ಹತ್ತಿಬಟ್ಟೆಯ ಒಂದು ಕುಲಾವಿಯನ್ನೋ ಚಿಕ್ಕ ಮೇಲ್ವಸ್ತ್ರವನ್ನೋ ಮನೆಯಲ್ಲೇ ಹೊಲಿದು, ಹಾಕದೆ, ಕೈಯಲ್ಲಿ ಹಿಡಿದು ತಂದರೆ ಸಾಕು. ಗುರುಗಳು ನೆತ್ತಿಗೆ ತೈಲ ಹಚ್ಚಿದ ಮೇಲೆ ಜ್ಞಾನತಾಯಿ ಅದನ್ನು ತೊಡಿಸಲಿ. ಅಂದಿನ ತಾಯಂದಿರು ಅದನ್ನು ನಲವತ್ತನೆಯ ದಿನ ದೇವಾಲಯಕ್ಕೆ ಒಪ್ಪಿಸಬೇಕಾಗಿತ್ತು. ಇಂದು ಅದು ಮನೆಯಲ್ಲೇ ಉಳಿಯುತ್ತದೆ, ದೀಕ್ಷಾಸ್ನಾನದ ಪ್ರಮಾಣಪತ್ರದ ಜೊತೆ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ಕೂಸಿಗೂ ಆಗುತ್ತದೆ.